ದೇವಿಯ ಕ್ಯಾಲೆಂಡರಿನ ಚುಕ್ಕೆಗಳು

೧೯೮೩ರ ನವರಾತ್ರಿಗೆ ಎರಡು ದಿನವಿರುವಾಗ ನನ್ನ ಮಗಳು ಶಶಿಕಲಾ ಕಲ್ಯಾಣ ಸ್ಟೇಷನ್ನಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕುಸಿದಳು. ಇಪ್ಪತ್ತೆರಡು ವರ್ಷದವಳು. ಮುಟ್ಟಿನ ನೋವು ಹದಿನೈದರಿಂದಲೂ ಇತ್ತು. “ಎಲ್ಲ ಹೆಣ್ಣಿಗೂ ಇರುವುದೇ, ಮದುವೆಯಾದರೆ ಸರಿಹೋಗುತ್ತೆ” ಎನ್ನುತ್ತಿದ್ದೆ. ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಮನೆಮನೆಗೆ ಸೀರೆ ಮಾರಿ ಸಂಸಾರ ಕಟ್ಟಿದವಳು ನಾನು; ಮಾತಿನಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ಮಗಳು ನೋವಿನ ಮಾತೆತ್ತುವುದನ್ನೇ ಬಿಟ್ಟಿದ್ದಳು.

ಒಂದೇ ಕೋಣೆಯ ಚಾಳಿನ ಮನೆ. ಮುಟ್ಟಾದರೆ ಮೂರು ದಿನ ಬಾಗಿಲ ಬಳಿಯ ಚಾಪೆ, ದೀಪ ಮುಟ್ಟುವಂತಿಲ್ಲ. ಪೂಜೆಗೆ ಅಡ್ಡಿಯಾಗದಿರಲೆಂದು ದೇವಿಯ ಚಿತ್ರದ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕುತ್ತಿದ್ದೆ. ಅಲ್ಲೇ ಪೆನ್ಸಿಲಿನ ಸಣ್ಣ ಚುಕ್ಕೆಗಳೂ ಇರುತ್ತಿದ್ದವು. ಹಾಲಿನವನು ಬಾರದ ದಿನಗಳೆಂದುಕೊಂಡು ಒಮ್ಮೆ ಅವನೊಡನೆ ಜಗಳಕ್ಕೇ ನಿಂತಿದ್ದೆ. “ಬಾಯಿ, ಮೈ ರೋಜ್ ಆಯಾ!” ಎಂದ ಪಾಪ, ದಿನವೂ ಬಂದಿದ್ದೇನೆಂದು ತನ್ನ ಎಮ್ಮೆಯ ಆಣೆ ಹಾಕಿದ.

ಆಸ್ಪತ್ರೆಯಲ್ಲಿ ಮರಾಠಿ ಡಾಕ್ಟರಮ್ಮ, “ನೋವು ಯಾವ್ಯಾವ ದಿನ? ಎಷ್ಟು ಕಾಲದಿಂದ?” ಎಂದರು. ನಾನು ಮಗಳ ಮುಖ ನೋಡಿದೆ.

ಶಶಿ ಮೆಲ್ಲಗೆ ಹೇಳಿದಳು: “ಅಮ್ಮಾ, ಆ ಚುಕ್ಕೆ ಇಟ್ಟದ್ದು ನಾನು. ನೋವಿದ್ದ ದಿನಗಳು. ನಿನಗೆ ಹೇಳಿದರೆ ಬೈತಿ. ದೇವಿಗಾದರೂ ಗೊತ್ತಿರಲಿ ಅಂತ.”

“ತಾಯೀ, ಮಗಳನ್ನು ಉಳಿಸು” ಎನ್ನುತ್ತಲೇ ಬಸ್ಸು ಹಿಡಿದು ಮನೆಗೆ ಬಂದೆ. ದೇವಿಯ ಚಿತ್ರ ಬಿಸಾಡಬಾರದೆಂದು ಆರು ವರ್ಷದ ಕ್ಯಾಲೆಂಡರುಗಳು ಅದೇ ಮೊಳೆಯಲ್ಲಿ ಒಂದರ ಹಿಂದೊಂದು ತೂಗುತ್ತಿದ್ದವು. ಮೊದಲ ವರ್ಷ ಚುಕ್ಕೆಗಳು ನನ್ನ ಸುತ್ತಿನೊಳಗೇ ಇದ್ದವು. ಆಮೇಲೆ ಸುತ್ತು ದಾಟಿ ಹಿಂದೆ ಮುಂದೆ ಹರಡಿದ್ದವು. ಕೊನೆಯ ವರ್ಷ ತಿಂಗಳ ಅರ್ಧದಷ್ಟು.

ಅವನ್ನೆಲ್ಲ ಸುತ್ತಿಕೊಂಡು ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಒಂದೊಂದೇ ಹಾಳೆ ತಿರುವಿ, “ಎಂಡೊಮೆಟ್ರಿಯೋಸಿಸ್ ಇರಬೇಕು” ಎಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡಿದಾಗ ಅದೇ ಆಗಿತ್ತು. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು, ತಿಂಗಳು ತಿಂಗಳು ಅಲ್ಲೂ ರಕ್ತ ಒಸರಿ, ಹೋಗಲು ದಾರಿಯಿಲ್ಲದೆ ಗಾಯವಾಗಿ, ಅಂಗಗಳನ್ನೇ ಒಂದಕ್ಕೊಂದು ಅಂಟಿಸುತ್ತದಂತೆ.

“ಯಾಕೆ ಬರುತ್ತೆ? ಯಾವ ಪಾಪಕ್ಕೆ?”

“ಪಾಪವೇನಿಲ್ಲ ತಾಯಿ. ಮುಟ್ಟಿನ ರಕ್ತ ಹಿಂದಕ್ಕೆ ಹರಿದು ಬರುತ್ತೆ ಅಂತ ಕೆಲವರು ಹೇಳ್ತಾರೆ. ಕೆಲವು ಮನೆತನಗಳಲ್ಲಿ ಹೆಚ್ಚು. ಪೂರ್ತಿ ಯಾರಿಗೂ ಗೊತ್ತಿಲ್ಲ. ಆದರೆ ಬೇಗ ಕರೆತರಬೇಕಿತ್ತು.”

ಒಂದು ಅಂಡಾಶಯ ತೆಗೆದರು. ನೋವು ತಗ್ಗಿತು. ಮಗುವಾಗುವುದೋ ಇಲ್ಲವೋ ಹೇಳಲಾಗದು ಎಂದರು. ಜೀವನವಿಡೀ ಚೌಕಾಸಿ ಮಾಡಿದ ನನಗೆ ಅಂದು ದೇವಿಯೆದುರು ಇನ್ನಷ್ಟು ಕೇಳಲು ಬಾಯಿ ಬರಲಿಲ್ಲ. ನಾನು ಕೇಳಿಸಿಕೊಳ್ಳದ ನೋವನ್ನು ಆರು ವರ್ಷ ಜೋಪಾನವಾಗಿಟ್ಟವಳು ಆ ದೇವಿಯೇ.

ತಾಯಂದಿರೇ, ಹರಕೆ ಹೊರಿ, ಬೇಡವೆನ್ನುವುದಿಲ್ಲ. ಅದೇ ದಿನ ಡಾಕ್ಟರ ಬಳಿಗೂ ಹೋಗಿ. “ಮದುವೆಯಾದರೆ ಸರಿಹೋಗುತ್ತೆ” ಎಂಬ ಮಾತು ಮಾತ್ರ ಆಡಬೇಡಿ.

ಮರುವರ್ಷ ನವರಾತ್ರಿಯ ಶುಕ್ರವಾರ ಶಶಿ ಮುಟ್ಟಾದಳು. ತಾನೇ ಹೋಗಿ ಚಾಪೆ ಹಾಸತೊಡಗಿದಳು. ನಾನು ಅದನ್ನು ಸುತ್ತಿ ಮೂಲೆಗಿಟ್ಟು, “ದೀಪ ನೀನೇ ಹಚ್ಚು” ಎಂದೆ. ಅವಳು ಕಡ್ಡಿ ಗೀರಿದಳು. ದೀಪ ಚೆನ್ನಾಗಿಯೇ ಉರಿಯಿತು.