ಬಸ್ ಎಂದರೆ ಓಡುವ ಹುಡುಗಿ

ನನ್ನ ಮೊಮ್ಮಗಳು ಮತ್ತೆ ಶಾಲೆಯ ಆಯಾಳ ಕೈ ಕಚ್ಚಿದಳು. ಅವಳಿಗೆ ಬುದ್ಧಿ ಬೆಳೆದದ್ದು ಕಡಿಮೆ, ಮಾತು ಇನ್ನೂ ಕಡಿಮೆ. ನಾಸಿಕ್‌ನಲ್ಲಿ ಅಂಥ ಮಕ್ಕಳ ಶಾಲೆಗೇ ಹೋಗುತ್ತಾಳೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹೆಡ್ ಮೇಡಂ ನನ್ನನ್ನು ಕರೆಸಿ, ಹೀಗೇ ಆದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಮಗ, ಸೊಸೆ ಇಬ್ಬರೂ ಸಾತಪುರದ ಫ್ಯಾಕ್ಟರಿಗೆ ಹೋಗುವವರು. ಇಟ್ಟುಕೊಳ್ಳಬೇಕಾದವಳು ನಾನು. ಅವಳ ಹಿಂದೆ ಓಡಲು ನನ್ನ ಮೊಣಕಾಲಿನಿಂದ ಆಗುವುದಿಲ್ಲ.

ಆ ವಾರವೇ ಸಂಭಾಜಿನಗರದಿಂದ ಒಬ್ಬ ಹೆಂಗಸು ಬಂದರು, ಇಲ್ಲಿಯವರ ಮಾತಿನಲ್ಲಿ ‘ಬಾಯಿ’. ರೇಗಿದ ಮಕ್ಕಳನ್ನು ತಣ್ಣಗೆ ಮಾಡುವುದು ಹೇಗೆಂದು ಶಾಲೆಯವರಿಗೆ ಕಲಿಸಲು. ಮನೆಯವರೂ ಬರಬೇಕೆಂದಿದ್ದರಿಂದ ನಾನೂ ಹೋದೆ. ದನಿ ಇಳಿಸಿ, ಕೈ ಹಿಡಿದು ಎಳೆಯಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ ಎಂದರು. ನನಗೆ ಆಕಳಿಕೆ ಬಂತು. ಆಮೇಲೆ, ಕಚ್ಚಿದ್ದು ಬಿಡಿ, ಅದಕ್ಕೆ ಮೊದಲು ಏನಾಯಿತು, ಮಾಡಿ ತೋರಿಸಿ ಎಂದರು.

ಆಯಾ ಮರಾಠಿಯವಳು. ಕುರ್ಚಿ ತೋರಿಸಿ “ಬಸ್, ಬಸ್” ಎಂದಳು. ಮರಾಠಿಯಲ್ಲಿ ಕುಳಿತುಕೋ ಎಂದರ್ಥ. ಹುಡುಗಿ ಆಗ ಚೀಲ ಹಿಡಿದು ಬಾಗಿಲಿಗೆ ಓಡುತ್ತಾಳೆ, ನಾನು ಹಿಡಿಯುತ್ತೇನೆ, ಕಚ್ಚುತ್ತಾಳೆ ಎಂದಳು.

“ಚೀಲ ಯಾಕೆ?” ಎಂದು ಬಾಯಿ ನನ್ನನ್ನು ಕೇಳಿದರು.

“ಬಸ್ ಬಂತಂತ ತಿಳೀತಾಳ್ರೀ. ನಮ್ಮನ್ಯಾಗ ಬಸ್ ಅಂದ್ರ ಶಾಲಿ ಗಾಡಿ. ದಿನಾ ಮುಂಜಾನಿ ಹಂಗಂದೇ ಚೀಲ ಕೊಟ್ಟು ಕಳಸ್ತೀವಿ. ಬಸ್ ಬಂತಂತ ಹೇಳಿ ಬಾಗಲಾ ಅಡ್ಡಗಟ್ಟಿದ್ರ ನಾನೂ ಕಚ್ಚತೀನಿ.”

“ಹಲ್ಲೆಲ್ಲಿ ಅವ ಆಜಿ ನಿಮಗ?” ಎಂದಳು ಆಯಾ ತನ್ನ ಮರಾಠಿಯಲ್ಲಿ. ಎಲ್ಲರೂ ನಕ್ಕರು, ನಾನೂ ನಕ್ಕೆ. “ಮತ್ತ ನಾ ಏನನ್ಲಿ?” ಎಂದು ಅವಳೇ ಕೇಳಿದಳು.

“ಕುಂದ್ರು ಅನ್ನು. ನಮ್ಮನ್ಯಾಗ ಹಂಗ ಅಂತೀವಿ.”

“ಉಂದೀರ್?” ಮರಾಠಿಯಲ್ಲಿ ಅದು ಇಲಿ.

“ಇಲಿ ಅಲ್ಲವ್ವಾ, ಕುಂದ್ರು!”

ಮರುದಿನ ಬಾಯಿಯ ಎದುರಿಗೇ ನೋಡಿದೆವು. ಆಯಾ ಪಕ್ಕಕ್ಕೆ ನಿಂತು, ಕುರ್ಚಿ ತಟ್ಟಿ, ಸಣ್ಣ ದನಿಯಲ್ಲಿ “ಕುಂದರ್” ಎಂದಳು. ಹುಡುಗಿ ಕುಳಿತಳು. ಒಮ್ಮೆ ಎದ್ದು ಬಾಗಿಲವರೆಗೆ ಹೋದಳು. ಯಾರೂ ಹಿಡಿಯಲಿಲ್ಲ. ಬಾಗಿಲು ಮುಟ್ಟಿ ವಾಪಸು ಬಂದು ಕುಳಿತಳು. ಹೆಡ್ ಮೇಡಂ, “ಇರಲಿ, ಕಳಿಸ್ತಾ ಇರಿ” ಎಂದರು. ಈಗಲೂ ಒಮ್ಮೊಮ್ಮೆ ಚಿವುಟುತ್ತಾಳೆ. ಕಚ್ಚುವುದು ನಿಂತಿದೆ.

ಅವಳು ಕುಳಿತ ಆ ದಿನ ಸಂಜೆ ಬಸ್ಸು ಬಂದಾಗ ‘ಬಸ್’ ಎಂಬ ಮಾತನ್ನು ಆಡಲು ಯಾರಿಗೂ ಧೈರ್ಯವಿಲ್ಲ. ಆಯಾ ಗೇಟಿನಲ್ಲಿ ನಿಂತು “ಗಾಡಿ, ಗಾಡಿ” ಎನ್ನುತ್ತಿದ್ದಾಳೆ. ನನ್ನ ಮೊಮ್ಮಗಳು ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಕಡೆಗೆ ನಾನೇ ಕೂಗಿದೆ, “ಬಸ್!” ಚೀಲ ಎತ್ತಿಕೊಂಡು ಬಂದಳು.