ಸಹಿಗಷ್ಟೇ ಏಜೆಂಟಳಾಗಿದ್ದ ಮಾರ್ಗರೆಟ

ಭಾಲ್ಕಿಯ ಮಾರ್ಗರೆಟ ಏಳು ವರ್ಷ ವಿಮಾ ಏಜೆಂಟಳಾಗಿದ್ದಳು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಪಾಲಿಸಿಯನ್ನೂ ಅವಳು ಮಾರಿರಲಿಲ್ಲ.

ಪರೀಕ್ಷೆ ಬರೆದು ಪಾಸಾದವಳು ಅವಳೇ. ಎಳೆಗೂಸನ್ನು ತಾಯಿಯ ಹತ್ತಿರ ಬಿಟ್ಟು ಬೀದರಿಗೆ ತರಬೇತಿಗೆ ಹೋಗಿದ್ದಳು, ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದಳು. ಆದರೆ ಲೈಸೆನ್ಸ್ ಬಂದ ಕೂಡಲೇ ಗಂಡ ರೋನಿ ವಿಮಾ ಕಚೇರಿಗೆ ಹೋಗಿ ಅವಳ ಬದಲು ತನ್ನ ಫೋನ್ ನಂಬರ್ ಕೊಟ್ಟು ಬಂದ. ಅವನು ಸರಕಾರಿ ಶಾಲೆಯ ಮಾಸ್ತರ. ತನ್ನ ಹೆಸರಿನಲ್ಲಿ ಏಜೆನ್ಸಿ ನಡೆಸುವಂತಿರಲಿಲ್ಲ.

"ಹೆಣ್ಮಗಳು ಊರೂರು ತಿರಗೋದು ಚೊಲೊ ಕಾಣಂಗಿಲ್ಲ. ನೀ ಸಹಿ ಮಾಡು, ಉಳಿದದ್ದು ನಾ ನೋಡ್ಕೋತೇನಿ" ಎಂದ.

ಅವಳು ಹಿಟ್ಟಿನ ಕೈ ಒರೆಸಿಕೊಂಡು, ಓದದೆಯೇ ಸಹಿ ಮಾಡುತ್ತ ಹೋದಳು. ಕಮಿಷನ್ ಅವಳ ಖಾತೆಗೆ ಬರುತ್ತಿತ್ತು, ಎಟಿಎಂ ಕಾರ್ಡು ಅವನ ಕಿಸೆಯಲ್ಲಿತ್ತು. ಬೀದರಿನ ಸಮಾರಂಭವೊಂದರಲ್ಲಿ ಅವಳಿಗೆ ಶಾಲು ಹೊದಿಸಿದಾಗ ಮೈಕ್ ಹಿಡಿದು ಮಾತಾಡಿದವನೂ ಅವನೇ.

ಹೋದ ಬೇಸಿಗೆಯಲ್ಲಿ ಡಾಬಕಾ ಹಳ್ಳಿಯ ಪುತಳಾಬಾಯಿ ಎಂಬ ಹೆಂಗಸು ಅವಳ ಮನೆ ಬಾಗಿಲಿಗೆ ಬಂದಳು. ಔರಾದಿನಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ವಿಳಾಸ ಕೇಳುತ್ತ ಬಂದವಳು, ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನೀನೇ ಏನ್ ಮಾರ್ಗರೆಟ? ನನ್ನ ಗಂಡ ಸತ್ತು ಸುಗ್ಗಿ ಕಳೀತು. ವಿಮಾ ರೊಕ್ಕ ಇನ್ನಾ ಬಂದಿಲ್ಲ. ಕಾಗದದ ಮ್ಯಾಲ ನಿನ್ನ ಹೆಸರು ಅದ. ಒಂದಿನನಾದ್ರೂ ಬಂದೀ ಏನ್?"

"ನನಗ ಗೊತ್ತೇ ಇದ್ದಿಲ್ರಿ ಬಾಯಿ."

"ಗೊತ್ತಿಲ್ಲಂದ್ರ ಹೆಸರು ಯಾಕ ಹಾಕೀದಿ?"

ಮಾರ್ಗರೆಟಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಪುತಳಾಬಾಯಿಯನ್ನು ಆ ದಿನ ಮನೆಯಲ್ಲೇ ಉಳಿಸಿಕೊಂಡು, ಸಂಜೆ ರೋನಿಯನ್ನು ಕೇಳಿದಳು. ಮರಣದ ದಾಖಲೆ ತನ್ನ ಹತ್ತಿರವೇ ಇದೆ, ಪರೀಕ್ಷಾ ಡ್ಯೂಟಿಯಲ್ಲಿ ಮರೆತುಹೋಯಿತು ಎಂದು ಅವನು ಚಹಾ ಹೀರುತ್ತಲೇ ಹೇಳಿದ. "ಕಚೇರಿಗೆ ಕೊಡಮು ಬಿಡು. ನಿನಗ್ಯಾಕ ಇದೆಲ್ಲಾ?"

"ಬೈಸಿಕೊಂಡಾಕಿ ನಾ! ತಾ ಆ ಕಾಗದ!"

ಮದುವೆಯಾದಾಗಿನಿಂದ ಮೊದಲ ಸಲ ಅವನೊಂದಿಗೆ 'ರಿ' ಬಿಟ್ಟು ಮಾತಾಡಿದ್ದಳು.

ಮರುದಿನ ಆ ದಾಖಲೆ ಹಿಡಿದು ಪುತಳಾಬಾಯಿಯ ಜೊತೆ ಬೀದರಿನ ಕಚೇರಿಗೆ ಹೋದಳು. ಅಧಿಕಾರಿ ಅನೀಲಕುಮಾರ ನಗುತ್ತ ಕುರ್ಚಿ ತೋರಿಸಿದ. "ನೀವ್ಯಾಕ ತಕಲೀಫ್ ತಗೊಂಡ್ರಿ ಮೇಡಂ? ಸರ್‌ಗೆ ಫೋನ್ ಹಚ್ತೇನಿ, ತಡೀರಿ."

"ಯಾವ ಸರ್ ರೀ? ಪರೀಕ್ಷಾ ಬರ್ದಾವ್ರು ಸರ್ ಏನು? ನಾಳಿ ಏನರ ತಪ್ಪಾದ್ರ ಪೊಲೀಸರು ಯಾರನ್ನ ಹಿಡೀತಾರ, ಸರ್‌ನ್ನೋ ನನ್ನೋ?"

ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು.

"ಸಾವಕಾಶ ಮಾತಾಡ್ರಿ ಮೇಡಂ."

"ಏಳು ವರ್ಷ ಸಾವಕಾಶೇ ಇದ್ದೆನ್ರಿ. ಮೊದಲ ಈಕಿ ಕೆಲಸ ಮಾಡ್ರಿ, ಆಮ್ಯಾಲ ಆ ಫೋನ್ ನಂಬರ್ ತೆಗೀರಿ."

ಎರಡೂ ಆಗುವ ತನಕ ಅವಳು ಏಳಲಿಲ್ಲ. ಅಲ್ಲಿಂದ ನೇರ ಬ್ಯಾಂಕಿಗೆ ಹೋಗಿ ಹಳೆಯ ಕಾರ್ಡನ್ನು ಬಂದ್ ಮಾಡಿಸಿದಳು.

ರೋನಿ ಮಳೆಗಾಲದವರೆಗೂ ಅವಳ ಜೊತೆ ಮಾತಾಡಲಿಲ್ಲ. ಅವನ ಜೊತೆಯ ಮಾಸ್ತರರು ಬೇರೆ ಏಜೆಂಟರನ್ನು ಹಿಡಿದರು. ಅರ್ಧ ಗಿರಾಕಿಗಳು ಹೋದರು. ಮಾರ್ಗರೆಟ ಬಸ್ಸು ಹತ್ತಿ ಔರಾದಿನ ಕಡೆಯ ಹಳ್ಳಿಗಳನ್ನು ಸುತ್ತತೊಡಗಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಕೇಳಿಕೊಂಡು ಮತ್ತೆ ಹೋಗುತ್ತಿದ್ದಳು. "ಸರ್ ಬಂದಿಲ್ಲೇನ್ರಿ?" ಎಂದು ಯಾರಾದರೂ ಅಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು.

ಪುತಳಾಬಾಯಿಗೆ ವಿಮೆಯ ಹಣ ಬಂತು. ಉಪಕಾರದ ಮಾತು ಬರಲಿಲ್ಲ. "ಮೊದಲೇ ಮಾಡಬೇಕಿತ್ತು" ಎಂದಳು. ಅದು ನ್ಯಾಯವೆಂದೇ ಮಾರ್ಗರೆಟಳಿಗೆ ಅನಿಸಿತು.

ಈಗ ಅವಳ ಗಳಿಕೆ ಅವಳ ಕೈಯಲ್ಲೇ ಇದೆ. ಸಿಟ್ಟು ಮಾತ್ರ ಇಳಿದಿಲ್ಲ. ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಪಾಸ್ಟರರ ಹೆಂಡತಿ ಗ್ಲೋರಿ ಅವಳ ಕೈ ಹಿಡಿದು, "ಈಗ ಎಲ್ಲಾ ನೆಟ್ಟಗಾತಲ್ಲ, ರೋನಿಗೆ ಕ್ಷಮಿಸಿಬಿಡವ್ವಾ" ಎಂದಳು.

ಮಾರ್ಗರೆಟ ಕೈ ಬಿಡಿಸಿಕೊಂಡಳು.

"ತಪ್ಪಾತು ಅಂತ ಅವರು ಇನ್ನಾ ಅಂದೇ ಇಲ್ರಿ. ಮೊದಲ ಅನ್ಲಿ."