ಜಗಲಿಯ ಮುಂದೆ ಸಿಕ್ಕಿಕೊಂಡ ರೋಲರು

ನನ್ನ ಮದುವೆಯ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಒಂದು ರೋಡ್ ರೋಲರ್ ಇತ್ತು. ಅದರ ಪಕ್ಕದಲ್ಲಿ ಒಂದು ಬುಲ್ಡೋಜರ್, ಮಣ್ಣು ಸುರಿಯುವ ಲಾರಿ, ಒಂದು ಕ್ರೇನು. ಎಲ್ಲವೂ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟವು, ಲೋಹದ ಎರಕದವು, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಬೇರೆ ಹೆಣ್ಣುಮಕ್ಕಳು ತವರಿನಿಂದ ಬೆಳ್ಳಿಯ ಕುಂಕುಮದ ಬಟ್ಟಲು ತರುತ್ತಿದ್ದ ಕಾಲದಲ್ಲಿ ನಾನು ತಂದದ್ದು ಇವನ್ನು. ನನಗೆ ಆಗಲೂ ಇದರ ಬಗ್ಗೆ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ.

ನಮ್ಮಪ್ಪ ರಸ್ತೆ ಕೆಲಸದ ಓವರ್‌ಸಿಯರ್. ಅಮ್ಮ ನಾನು ಚಿಕ್ಕವಳಿರುವಾಗಲೇ ಹೋಗಿಬಿಟ್ಟಳು. ಅರಸೀಕೆರೆಯಲ್ಲಿ ಮನೆ ಇದ್ದರೂ ಅಪ್ಪನ ಕ್ಯಾಂಪು ಎಲ್ಲಿಯೋ ನನ್ನ ವಾಸವೂ ಅಲ್ಲೇ: ಒಂದು ಬೇಸಿಗೆ ಕಣಕಟ್ಟೆಯ ತೆಂಗಿನ ತೋಟದ ಪಕ್ಕ, ಇನ್ನೊಂದು ಹಳೇಬೀಡಿನ ರಸ್ತೆಯ ಡೇರೆಯಲ್ಲಿ. ಕಾದ ಟಾರಿನ ವಾಸನೆ ಈಗಲೂ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಕ್ಯಾಂಪಿನ ಅಡುಗೆಯಾಗುತ್ತಿದ್ದುದು ಅದರ ಪಕ್ಕದಲ್ಲೇ.

ಅಪ್ಪ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ದಂಡು, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಅಂಗಡಿಯಿಂದ ಆ ರೋಲರ್ ತಂದರು. ಹಸಿರು ಮೈ, ಕೆಂಪು ಉರುಳೆ. ಚಾಲಕನ ಸೀಟಿನಲ್ಲಿ ಟೋಪಿ ಹಾಕಿದ ಒಬ್ಬ ದೊರೆ ಕುಳಿತಿದ್ದ. ನಾನು ನೋಡಿದವಳೇ, "ಇದು ನಮ್ಮ ರೋಲರ್ ಅಲ್ಲ" ಎಂದು ಮುಖ ಊದಿಸಿಕೊಂಡೆ. ಅಪ್ಪ ನಕ್ಕು, "ಹಾಗಾದ್ರೆ ನಮ್ಮದು ಮಾಡ್ಕೊ ಮರಿ" ಎಂದರು. ಹುಚ್ಚು ಹಿಡಿದದ್ದು ಆವತ್ತು.

ದೊರೆಯನ್ನು ಅರದಿಂದ ಉಜ್ಜಿ ಕೆಳಗಿಳಿಸಿದೆ. ಅವನ ಜಾಗದಲ್ಲಿ ಅರಗಿನಿಂದ ಒಬ್ಬ ಮನುಷ್ಯನನ್ನು ಮಾಡಿ, ತಲೆಗೆ ಬಿಳಿ ನೂಲಿನ ರುಮಾಲು ಸುತ್ತಿದೆ. ಬಿಸ್ಕತ್ತಿನ ಡಬ್ಬದ ತಗಡನ್ನು ಮಡಿಸಿ ಮೇಲೊಂದು ಚಾವಣಿ ಕಟ್ಟಿದೆ. ಟಾರು ಮೆತ್ತಿಕೊಳ್ಳದಿರಲೆಂದು ನಿಜವಾದ ರೋಲರಿನ ಉರುಳೆಗೆ ಒದ್ದೆ ಗೋಣಿ ತಾಗಿಸಿರುತ್ತಾರೆ. ನನ್ನದಕ್ಕೂ ಒಂದು ಚೂರು ಗೋಣಿ ಇಳಿಬಿಟ್ಟೆ. ಬುಲ್ಡೋಜರಿನ ರಬ್ಬರ್ ಪಟ್ಟಿ ಹರಿದಾಗ ಸೈಕಲ್ ಟ್ಯೂಬು ಕತ್ತರಿಸಿ ಹೊಲಿದೆ. ಕ್ರೇನಿನ ಸರಪಳಿ ಅಮ್ಮನ ತುಂಡಾದ ಸರದ್ದು, ಹಿತ್ತಾಳೆಯದು. ನಾನು ತಪ್ಪು ಮಾಡಿದಾಗಲೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಅಳತೆ ತಪ್ಪಿದ್ರೆ ಆಟದ ಸಾಮಾನು, ಸರಿಯಿದ್ರೆ ಮಾದರಿ." ಆ ಮಾತನ್ನು ನಾನು ಜೀವನದಲ್ಲಿ ಒಂದೇ ಸಲ ಮೀರಿದ್ದು. ಅದರ ಕಥೆಯೇ ಇದು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಬೇಲೂರಿಗೆ ಕೊಟ್ಟರು. ದೇವಸ್ಥಾನದ ಸೇವೆಯ ಮನೆತನ. ಗಂಡ, ಮಾವ ಇಬ್ಬರೂ ಬೆಳಗಿನ ಪೂಜೆಗೆ ಹೋದರೆ ಮನೆ ಅತ್ತೆಯವರ ರಾಜ್ಯ. ಆ ರಾಜ್ಯದ ಸಿಂಹಾಸನ ಬೀದಿಯ ಕಡೆಯ ಜಗಲಿ. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಹೆಂಗಸರೆಲ್ಲ ಅಲ್ಲಿ ಎದುರುಬದುರು ಕುಳಿತು ದೇವರಿಗೆ ಹೂಬತ್ತಿ ಹೊಸೆಯುವರು. ಕೈ ಬತ್ತಿ ಹೊಸೆದರೆ ಬಾಯಿ ಊರನ್ನೇ ಹೊಸೆಯುತ್ತಿತ್ತು. ಯಾರ ಮನೆಯ ಹುಡುಗಿಗೆ ಗಂಡು ಬಂತು, ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವುದೆಲ್ಲ ತೀರ್ಮಾನವಾಗುತ್ತಿದ್ದುದು ಅಲ್ಲೇ.

ಮದುವೆಯಾದ ಮರುವರ್ಷ ಬೀದಿ ಅಗಲ ಮಾಡುವ ಕೆಲಸ ಬಂತು. ಬಂದ ಓವರ್‌ಸಿಯರ್ ನಮ್ಮಪ್ಪನೇ. ನಮ್ಮ ಮನೆಯ ಎದುರಿಗೆ ಊರಿನ ಹಳೆಯ ಕಲ್ಲುಬಾವಿ. ಬಾವಿ ಆ ಕಡೆ, ಜಗಲಿ ಈ ಕಡೆ, ಬೀದಿ ಸಣ್ಣದಾಗುತ್ತಿದ್ದುದು ಅಲ್ಲೇ. ಅಪ್ಪ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಲು ಶುರುಮಾಡಿದ್ದೇ ನಮ್ಮ ಮನೆಯಿಂದ. ಮಗಳ ಮನೆಯನ್ನು ಮೊದಲು ಕತ್ತರಿಸಿದರೆ ಮಿಕ್ಕವರು ತಕರಾರು ಮಾಡಲಾರರು ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿತ್ತು, ಬೀದಿಯಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ. ನಾಲ್ಕಡಿಯ ಜಗಲಿ ಎರಡಡಿಗೆ ಇಳಿಯಿತು, ಎದುರುಬದುರು ಕೂರುವ ಹಾಗೆಯೇ ಇಲ್ಲ. ಹೆಂಗಸರ ಕಚೇರಿ ಪಕ್ಕದ ಮನೆಯ ಜಗಲಿಗೆ ವರ್ಗವಾಯಿತು. ಅತ್ತೆ ಅಲ್ಲಿಗೆ ಒಂದು ದಿನವೂ ಹೋಗಲಿಲ್ಲ.

"ನಿಮ್ಮ ಗೆರೆ ನೀವು ಎಳೆದಿರಿ, ನನ್ನ ಗೆರೆ ನಾನು ಎಳೀತೀನಿ. ಈ ಹೊಸಿಲು ದಾಟಬೇಡಿ" ಎಂದು ಅಪ್ಪನಿಗೆ ಬೀದಿಯಲ್ಲೇ ಹೇಳಿಬಿಟ್ಟರು. ಅಪ್ಪ ಒಂದು ಮಾತೂ ಆಡದೆ ಟೇಪು ಸುತ್ತಿಕೊಂಡು ಹೋದರು. ನನಗೆ ಇಬ್ಬರ ಮೇಲೂ ಕೋಪ. ಅತ್ತೆಯ ಮೇಲೆ ಹಟಕ್ಕೆ, ಅಪ್ಪನ ಮೇಲೆ ಆ ಮೌನಕ್ಕೆ. ಕೆಲಸ ಮುಗಿದ ಮೇಲೆ ತಿಂಗಳಿಗೊಮ್ಮೆ ಅರಸೀಕೆರೆಯ ಬಸ್ಸಿನಲ್ಲಿ ನಾಲ್ಕು ತೆಂಗಿನಕಾಯಿ ಹಿಡಿದುಕೊಂಡು ಬರುವರು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ, ಅದೇ ಬಸ್ಸು ಹಿಂದಿರುಗುವವರೆಗೆ ಮಾತಾಡಿಸಿ ಬರುವೆ. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ನಾನು ಬಸುರಿಯಾದೆ. ತವರಿನಲ್ಲಿ ಅಮ್ಮ ಇಲ್ಲದ್ದರಿಂದ ಬಾಣಂತನ ಬೇಲೂರಿನಲ್ಲೇ ಎಂದು ಅತ್ತೆ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಬಾಣಂತಿ ಬಸ್ ಸ್ಟ್ಯಾಂಡಿಗೆ ಹೋಗುವುದುಂಟೆ? ಹೊಸಿಲು ದಾಟದಿದ್ದರೆ ಅಪ್ಪ ಮೊಮ್ಮಗುವನ್ನು ನೋಡುವುದು ಹೇಗೆ? ಅಷ್ಟರೊಳಗೆ ಏನಾದರೂ ಮಾಡಲೇಬೇಕಿತ್ತು.

ನವರಾತ್ರಿ ಬಂತು. ನಮ್ಮಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ಗೊಂಬೆಗಳು. ಕೆಳಗೆ ನೆಲದ ಮೇಲೆ ವರ್ಷಕ್ಕೊಂದು ಹೊಸ ನೋಟ, ತೋಟವೋ ಸಂತೆಯೋ. ಆ ವರ್ಷ ನಾನು, "ಅತ್ತೆ, ಕೆಳಗೆ ನಮ್ಮ ಬೀದಿ ಮಾಡ್ಲಾ?" ಎಂದು ಕೇಳಿ ಟ್ರಂಕು ತೆರೆದೆ. ರೋಲರ್ ಕಂಡದ್ದೇ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಪಟ್ಟದ ಗೊಂಬೆ ಕೂರೋ ಕಡೆ ಜಗಲಿ ಒಡೆಯೋ ಯಂತ್ರವೇನೇ? ನಿನಗೆ ಬುದ್ಧಿ ನೆಟ್ಟಗಿದೆಯಾ?"

"ಒಡೆಯಲ್ಲ ಅತ್ತೆ, ಮಾಡಿದ ಮೇಲೆ ನೋಡಿ" ಎಂದೆ.

ಮಾಡಿದೆ, ಮೂರು ದಿನ ಕುಳಿತು ಮಾಡಿದೆ. ಸೀರೆ ಡಬ್ಬದ ರಟ್ಟಿನ ಮನೆಗಳು, ಜರಡಿ ಹಿಡಿದ ಮರಳಿಗೆ ಇದ್ದಿಲ ಪುಡಿ ಬೆರೆಸಿದ ರಸ್ತೆ, ಡಬ್ಬದ ಮುಚ್ಚಳದ ಬಾವಿ. ಎಲ್ಲವೂ ರೋಲರಿನ ಅಳತೆಗೆ ಸರಿಯಾಗಿ. ನಮ್ಮ ಮನೆಯ ಹತ್ತಿರ ಬಂದಾಗ ಮಾತ್ರ ಕೈ ಅಂಜಿತು. ಎರಡಡಿಯ ಜಗಲಿ ಇಟ್ಟರೆ ಅತ್ತೆ ಇಡೀ ಬೀದಿಯನ್ನೇ ಮೊರದಲ್ಲಿ ತುಂಬಿ ಎಸೆಯುವುದು ಖಂಡಿತ. ಹಾಗಾಗಿ ಹಳೆಯ ನಾಲ್ಕಡಿಯ ಜಗಲಿಯನ್ನೇ ಮಾಡಿ ಅಂಟಿಸಿದೆ. ಬಾವಿಗೂ ಅದಕ್ಕೂ ನಡುವೆ ರೋಲರ್ ಹಿಡಿಸುವುದಿಲ್ಲವೆಂದು ಗೊತ್ತಿತ್ತು. ಗೊಂಬೆಯನ್ನು ಯಾರು ಓಡಿಸುತ್ತಾರೆ, ನಿಂತಲ್ಲೇ ನಿಂತಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಜಗಲಿ ನೋಡಿ ಅತ್ತೆಯ ಮುಖ ಅರಳಿತು. ಗೊಂಬೆ ನೋಡಲು ಬಂದ ಹೆಂಗಸರಿಗೆಲ್ಲ ಪಟ್ಟದ ಗೊಂಬೆ ಬಿಟ್ಟು ಅದನ್ನೇ ತೋರಿಸಿದರು. "ನೋಡ್ರೇ, ನಮ್ಮ ಜಗಲಿ ಹೀಗಿತ್ತಲ್ವಾ? ನೀನು ಇಲ್ಲಿ ಕೂರ್ತಿದ್ದೆ, ನಾನು ಇಲ್ಲಿ." ನಾನು ತಲೆ ತಗ್ಗಿಸಿಕೊಂಡು ಚರ್ಪಿನ ತಿಂಡಿ ಹಂಚುತ್ತಿದ್ದೆ. ಸುಳ್ಳು ಇಷ್ಟು ಚೆನ್ನಾಗಿ ನಡೆಯುತ್ತದೆಂದು ನಾನು ಎಣಿಸಿರಲಿಲ್ಲ.

ಆಯುಧಪೂಜೆಯ ದಿನ ಎಡವಟ್ಟಾಯಿತು. ಮನೆಯ ಈಳಿಗೆಮಣೆ, ಕತ್ತರಿ, ಕುಡುಗೋಲು, ಗಂಡನ ಸೈಕಲ್ಲು ಎಲ್ಲ ತೊಳೆದು ಪೂಜೆಗೆ ಇಟ್ಟಾಗಿತ್ತು. ಅತ್ತೆಯ ಕಣ್ಣು ರೋಲರಿನ ಮೇಲೆ ಬಿತ್ತು. ಅವರಿಗೆ ಆಗದ ವಸ್ತುವಾದರೂ ಆ ದಿನ ಒಂದು ಯಂತ್ರವನ್ನು ಪೂಜೆಯಿಲ್ಲದೆ ಬಿಡುವುದು ಅವರಿಂದಾಗದು. ಅರಿಸಿನ ಕುಂಕುಮ ಇಟ್ಟರು, ಒಂದು ಸೇವಂತಿಗೆಯ ಎಸಳು ಏರಿಸಿದರು. "ಇನ್ನು ಚಕ್ರದ ಮುಂದೆ ನಿಂಬೆಹಣ್ಣು" ಎಂದವರು ರೋಲರಿನ ಗಾತ್ರ ನೋಡಿ ನಕ್ಕುಬಿಟ್ಟರು. "ಇದಕ್ಕೆ ನಿಂಬೆಹಣ್ಣು ಬೆಟ್ಟ ಆಯ್ತು. ಹಿತ್ತಲಿಂದ ಒಂದು ಬಸಳೆ ಹಣ್ಣು ತಾ."

ತಂದೆ. ನಮ್ಮ ರಟ್ಟಿನ ಮನೆಯ ಮುಂದೆ, ಬಾವಿಯ ಪಕ್ಕ, ಆ ಪುಟ್ಟ ಹಣ್ಣನ್ನು ಇಟ್ಟು ಅತ್ತೆ ರೋಲರನ್ನು ಮೆಲ್ಲಗೆ ತಳ್ಳಿದರು. ಅದು ಬಂದು ಜಗಲಿಗೆ ತಗುಲಿ ನಿಂತಿತು. ಇನ್ನೊಮ್ಮೆ ತಳ್ಳಿದರು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಹಿಂದಕ್ಕೆ ಎಳೀಲಾ ಅತ್ತೆ?"

"ಪೂಜೆ ಆದ ಗಾಡಿ ಹಿಂದಕ್ಕೆ ಹೋಗ್ಬಾರದು ಕಣೇ. ಅಪಶಕುನ. ಅದೂ ನೀನು ಬಸುರಿ."

"ಎತ್ತಿ ಆ ಕಡೆ ಇಟ್ಬಿಡೋಣ."

"ಎತ್ಕೊಂಡು ಹೋಗೋಕೆ ಅದೇನು ಪಲ್ಲಕ್ಕೀನಾ?"

"ಬಾವೀನ ಸ್ವಲ್ಪ ಸರಿಸಿದ್ರೆ..."

"ಊರಿನ ಬಾವಿ ಯಾರಾದ್ರೂ ಸರಿಸ್ತಾರೇನೇ? ಹುಚ್ಚಿ!" ಎಂದರು.

ನನಗೆ ಇನ್ನು ತಡೆಯಲಾಗಲಿಲ್ಲ. "ತಪ್ಪು ನನ್ನದೇ ಅತ್ತೆ. ನಿಮಗೆ ಬೇಜಾರಾಗುತ್ತೆ ಅಂತ ಹಳೇ ಜಗಲಿ ಮಾಡಿದೆ. ಅಳತೆ ಸುಳ್ಳು" ಎಂದು ಒದರಿಬಿಟ್ಟೆ. ಅತ್ತೆ ಬೈಯಲಿಲ್ಲ. ಬಾವಿ ನೋಡಿದರು, ಜಗಲಿ ನೋಡಿದರು, ನಡುವೆ ಸಿಕ್ಕಿಕೊಂಡ ರೋಲರ್ ನೋಡಿದರು. ಕೈ ಕತ್ತರಿಯ ಕಡೆ ಹೋಗಿ ಅರ್ಧಕ್ಕೇ ನಿಂತಿತು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಿ ಕೆಲಸ ಮಾಡುವಂತಿಲ್ಲ.

"ಎಷ್ಟು?" ಎಂದು ಕೇಳಿದರು.

ನಾನು ಉಗುರಿನಿಂದ ರಟ್ಟಿನ ಮೇಲೆ ಗೆರೆ ಎಳೆದೆ. ಸರಿಯಾಗಿ ಅರ್ಧ. ಅತ್ತೆ ಎರಡೂ ಕೈಯಿಂದ ಆ ಜಗಲಿಯನ್ನು ಹಿಡಿದು, ಗೆರೆಯ ಉದ್ದಕ್ಕೂ, ನಿಧಾನವಾಗಿ ಹರಿದರು. ಆಮೇಲೆ ರೋಲರನ್ನು ತಳ್ಳಿದರು. ಅದು ಬಾವಿಗೂ ತಾಗದೆ ಜಗಲಿಗೂ ತಾಗದೆ ಮುಂದೆ ಹೋಯಿತು. ಬಸಳೆ ಹಣ್ಣು ಚಿಟ್ ಎಂದು ಒಡೆದು ಮರಳೆಲ್ಲ ನೇರಳೆಯಾಯಿತು.

"ಇಷ್ಟೇನಾ ಅವರು ಕತ್ತರಿಸಿದ್ದು?"

"ಇಷ್ಟೇ ಅತ್ತೆ."

"ಇದಕ್ಕಿಂತ ಒಂದು ಚೂರು ಉಳಿಸಿದ್ರೂ ಸಿಕ್ಕಿಕೊಳ್ತಿತ್ತು." ಇದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ. ಹರಿದ ತುಂಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆನ್ನು ತಿರುಗಿಸಿಕೊಂಡೇ, "ನಾಳೆ ವಿಜಯದಶಮಿ. ಬನ್ನಿ ಪತ್ರೆ ಕೊಡೋಕೆ ಯಾರು ಬೇಕಾದ್ರೂ ಬರಬಹುದು. ನಾನು ಕರೆದೆ ಅಂತ ಮಾತ್ರ ಹೇಳ್ಬೇಡ" ಎಂದರು.

ನಾನು ಕಾಲಿಗೆ ಚಪ್ಪಲಿಯನ್ನೂ ಸಿಕ್ಕಿಸದೆ ಬಸ್ ಸ್ಟ್ಯಾಂಡಿಗೆ ಹೋದೆ. ಅರಸೀಕೆರೆ ಬಸ್ಸಿನ ಕಂಡಕ್ಟರಿಗೆ ಅಪ್ಪ ಎರಡು ವರ್ಷದಿಂದ ಪರಿಚಯ. "ಓವರ್‌ಸಿಯರ್ ಅಪ್ಪಾರಿಗೆ ತಾನೇ? ಹೇಳ್ತೀನಿ ಬುಡವ್ವ. ಯಾರು ಕರೆದ್ರು ಅನ್ಲಿ?" ಎಂದ.

"ಜಗಲಿ ಕರೀತು ಅನ್ನಿ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಸೀಟಿ ಊದಿದ.

ಮರುದಿನ ಮಧ್ಯಾಹ್ನ ಅಪ್ಪ ಬಂದರು. ಇಸ್ತ್ರಿ ಮಾಡಿದ ಕೋಟು, ಒಂದು ಕೈಯಲ್ಲಿ ತೆಂಗಿನಕಾಯಿಯ ಚೀಲ, ಇನ್ನೊಂದರಲ್ಲಿ ಬನ್ನಿ ಪತ್ರೆ. ತಾವೇ ಹಾಕಿಸಿದ ರಸ್ತೆಯ ಮೇಲೆ, ಹೊಸಿಲಿನಿಂದ ದೂರ, ತಪ್ಪು ಮಾಡಿದವರಂತೆ ನಿಂತರು. ಅತ್ತೆ ಕಾಲು ತೊಳೆಯಲು ನೀರಿನ ತಂಬಿಗೆ ಹಿಡಿದು ಹೊರಗೆ ಬಂದರು.

"ಅಲ್ಲೇ ನಿಂತ್ರೆ ಹೇಗೆ? ನೀವು ಉಳಿಸಿದ ಜಗಲೀಲಿ ಒಬ್ರು ಕೂರೋಕೆ ಜಾಗ ಇದೆ. ಕೂತು ನೋಡಿ."

ಅಪ್ಪ ಕುಳಿತರು. ಮಂಡಿ ಎರಡೂ ಬೀದಿಯ ಕಡೆ ಚಾಚಿಕೊಂಡಿದ್ದವು. "ಇಕ್ಕಟ್ಟೇ" ಎಂದು ಒಪ್ಪಿಕೊಂಡರು. ಅತ್ತೆಗೆ ಎರಡು ವರ್ಷದಿಂದ ಬೇಕಾಗಿದ್ದುದು ಆ ಒಂದು ಮಾತೇ ಇರಬೇಕು. ತಂಬಿಗೆ ಕೆಳಗಿಟ್ಟು, "ಒಳಗೆ ಬನ್ನಿ. ಪಾಯಸ ಆರಿಹೋಗುತ್ತೆ" ಎಂದರು.

ಅಪ್ಪ ಕಾಲು ತೊಳೆದು ಹೊಸಿಲು ದಾಟಿದರು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅವರು ನೇರ ಗೊಂಬೆಗಳ ಮುಂದೆ ಹೋಗಿ, ಕನ್ನಡಕ ಏರಿಸಿ, ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ತನಿಖೆ ಮಾಡಿದರು. ನಮ್ಮ ಮನೆಯ ಹತ್ತಿರ ಬಂದು ಬಗ್ಗಿದರು.

"ಮರಿ, ಈ ಅಂಚು ಯಾಕೆ ಹೀಗೆ ಒರಟಾಗಿದೆ? ಕತ್ತರಿ ಸಿಗಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಆಯುಧಪೂಜೆ ದಿನ ಕತ್ತರಿ ಮುಟ್ತಾರೇನ್ರೀ? ನಾನೇ ಕೈಯಲ್ಲಿ ಹರಿದೆ. ಅಳತೆ ಸರಿಯಾಗಿದೆಯೋ ಇಲ್ವೋ ನೋಡಿ ಹೇಳಿ."

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಅಡಿಕೋಲು ತೆಗೆದು ಆ ರಟ್ಟಿನ ಜಗಲಿಯನ್ನು ನಿಜವಾಗಿಯೂ ಅಳೆದರು. ಏಳಲು ಸ್ವಲ್ಪ ಹೊತ್ತೇ ಹಿಡಿಯಿತು.

"ಒಂದು ನೂಲೂ ತಪ್ಪಿಲ್ಲ ತಾಯಿ" ಎಂದರು.